ಕ್ಯಾನ್ಸರ್ ಅಪಾಯವನ್ನು ತಗ್ಗಿಸುವ ಅಭ್ಯಾಸಗಳನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕಲಿಸುವುದು ಹೇಗೆ: ಅಧ್ಯಾಪಕರಿಗೊಂದು ಸಮಗ್ರ ಮಾರ್ಗದರ್ಶಿ

ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 14 ಲಕ್ಷ ಮಂದಿಗೆ ಹೊಸದಾಗಿ ಕ್ಯಾನ್ಸರ್ ಬಂದಿದೆ ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಅವರಲ್ಲಿ ಬಹುಪಾಲು ಜನ ನಡುವಯಸ್ಸು ಮುಟ್ಟಿದವರು ಅಥವಾ ದಾಟಿದವರು. ಹಾಗಾಗಿ ಪದವಿ ತರಗತಿಯಲ್ಲಿ ಕುಳಿತ ಹತ್ತೊಂಬತ್ತರ ಹುಡುಗನಿಗಾಗಲಿ ಹುಡುಗಿಗಾಗಲಿ ಇದು ತನ್ನ ಮಾತು ಎನ್ನಿಸುವುದಿಲ್ಲ. ಆದರೆ ಕಾಯಿಲೆ ನಲವತ್ತೈದರಲ್ಲಿ ಕಾಣಿಸಿಕೊಂಡರೂ ಅದಕ್ಕೆ ದಾರಿ ಮಾಡಿಕೊಡುವ ಅಭ್ಯಾಸಗಳು ಬೇರೂರುವುದು ಈ ವಯಸ್ಸಿನಲ್ಲಿಯೇ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತಂಬಾಕನ್ನು ದಿನನಿತ್ಯ ಬಳಸುವವರು ಅದನ್ನು ಆರಂಭಿಸಿದ ಸರಾಸರಿ ವಯಸ್ಸು 18.9 ವರ್ಷ. ಅಂದರೆ ಪಿಯುಸಿ ಮುಗಿಸಿ, ಮನೆ ಬಿಟ್ಟು, ಹಾಸ್ಟೆಲ್ ಅಥವಾ ಪಿ.ಜಿ. ಸೇರಿ, ಮೊದಲ ಬಾರಿಗೆ ಸ್ವಂತ ಖರ್ಚಿಗೆ ಹಣ ಕೈಗೆ ಬರುವ ಹೊತ್ತು.

ಜಗತ್ತಿನ ಕ್ಯಾನ್ಸರ್‌ಗಳಲ್ಲಿ ಶೇ 30ರಿಂದ 50ರಷ್ಟನ್ನು ಈಗಿರುವ ತಿಳಿವಳಿಕೆಯಿಂದಲೇ ತಡೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಮಾರ್ಗದರ್ಶಿಯು ಪದವಿ ಕಾಲೇಜುಗಳ ಅಧ್ಯಾಪಕರಿಗೆ, ಎನ್‌ಎಸ್‌ಎಸ್ ಮತ್ತು ಯುವ ರೆಡ್‌ಕ್ರಾಸ್ ಘಟಕಗಳ ಅಧಿಕಾರಿಗಳಿಗೆ ಹಾಗೂ ಹಾಸ್ಟೆಲ್ ವಾರ್ಡನ್‌ಗಳಿಗೆ ಬರೆದದ್ದು. ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನದಂದು ವೈದ್ಯರೊಬ್ಬರನ್ನು ಕರೆಸಿ, ಸಭಾಂಗಣ ತುಂಬಿಸಿ, ವಂದನಾರ್ಪಣೆಯೊಂದಿಗೆ ಮುಗಿಸುವ ಕಾರ್ಯಕ್ರಮದಿಂದ ಅಭ್ಯಾಸ ಬದಲಾಗುವುದು ಅಪರೂಪ. ಇಲ್ಲಿ ಹೇಳಿರುವುದು ಒಂದು ಶೈಕ್ಷಣಿಕ ವರ್ಷದುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ನಡೆಯುವ ಕೆಲಸ.

ಹಂತ 1: ಯಾವುದಕ್ಕೆ ಎಷ್ಟು ಸಮಯ ಎಂಬುದನ್ನು ಮೊದಲು ತೀರ್ಮಾನಿಸಿ

ಕ್ಯಾನ್ಸರ್ ಎಂದೊಡನೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಮೊಬೈಲ್ ಟವರ್, ಮೈಕ್ರೋವೇವ್, ಪ್ಲಾಸ್ಟಿಕ್ ಬಾಟಲಿ ಮತ್ತು ಗೋಬಿ ಮಂಚೂರಿಯ ಬಣ್ಣದ ಸುತ್ತ ಇರುತ್ತವೆ. ಬಣ್ಣದ ವಿಷಯವನ್ನು ತಳ್ಳಿಹಾಕುವಂತಿಲ್ಲ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಲ್ಲಿ ರೋಡಮೈನ್-ಬಿಯಂತಹ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದೆ. ಆದರೆ ಮಂಚೂರಿಯ ಬಣ್ಣಕ್ಕೆ ಹೆದರುವ ವಿದ್ಯಾರ್ಥಿಯೇ ಅದೇ ಗಾಡಿಯ ಪಕ್ಕದಲ್ಲಿ ನಿಂತು ಸಿಗರೇಟು ಹಚ್ಚುತ್ತಾನೆ. ಯಾವ ಅಪಾಯ ಎಷ್ಟು ದೊಡ್ಡದು ಎಂಬ ಅಳತೆಯನ್ನು ಕೊಡುವುದೇ ಅಧ್ಯಾಪಕರ ಮೊದಲ ಹೊಣೆ.

ನನ್ನ ಸಲಹೆ ಹೀಗಿದೆ: ನಿಮಗೆ ಸಿಗುವ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಂಬಾಕು, ಅಡಿಕೆ ಮತ್ತು ಕೆಲವು ಕ್ಯಾನ್ಸರ್‌ಗಳನ್ನು ತಡೆಯುವ ಲಸಿಕೆಗಳಿಗೆ ಮೀಸಲಿಡಿ. ಉಳಿದದ್ದರಲ್ಲಿ ಮದ್ಯಪಾನ, ಊಟ, ವ್ಯಾಯಾಮ ಹಾಗೂ ದೇಹದಲ್ಲಿನ ಬದಲಾವಣೆಗಳನ್ನು ಗಮನಿಸುವ ರೂಢಿಯನ್ನು ಹಂಚಿಕೊಳ್ಳಿ. ಮಧ್ಯಾಹ್ನದ ಬಿರುಬಿಸಿಲು ಮತ್ತು ವಾಯುಮಾಲಿನ್ಯಕ್ಕೆ ಒಂದೆರಡು ಮಾತು ಸಾಕು. ಮೊಬೈಲ್, ಮೈಕ್ರೋವೇವ್‌ಗಳ ಬಗ್ಗೆ ಕೇಳಿದವರಿಗೆ ಮಾತ್ರ ಉತ್ತರಿಸಿದರಾಯಿತು.

ಹಂತ 2: ವಿದ್ಯಾರ್ಥಿಗಳೇ ಆರಿಸಿದ ತಂಡವನ್ನು ಕಟ್ಟಿ

ಅಧ್ಯಾಪಕರು ಸಾಮಾನ್ಯವಾಗಿ ಮೊದಲ ಬೆಂಚಿನ, ಹಾಜರಾತಿ ಚೆನ್ನಾಗಿರುವ, ಹೇಳಿದ ಮಾತು ಮೀರದ ವಿದ್ಯಾರ್ಥಿಗಳನ್ನು ಸ್ವಯಂಸೇವಕರನ್ನಾಗಿ ಆರಿಸುತ್ತಾರೆ. ಇಂಥವರ ಮಾತು ಹಿಂದಿನ ಬೆಂಚನ್ನು ಮುಟ್ಟುವುದು ಕಷ್ಟ. ಬ್ರಿಟನ್ನಿನ ವೇಲ್ಸ್ ಮತ್ತು ಪಶ್ಚಿಮ ಇಂಗ್ಲೆಂಡಿನ ಶಾಲೆಗಳಲ್ಲಿ ನಡೆದು 2008ರಲ್ಲಿ ಫಲಿತಾಂಶ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಬೇರೆ ಕ್ರಮವನ್ನು ಅನುಸರಿಸಿದರು. ‘ನೀವು ಯಾರ ಮಾತಿಗೆ ಬೆಲೆ ಕೊಡುತ್ತೀರಿ?’ ಎಂದು ಮಕ್ಕಳನ್ನೇ ಕೇಳಿ, ಅವರು ಸೂಚಿಸಿದವರಿಗೆ ತರಬೇತಿ ಕೊಟ್ಟು, ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಮಾತಿನ ನಡುವೆ ಸಹಜವಾಗಿ ಧೂಮಪಾನದ ವಿಷಯ ಎತ್ತುವಂತೆ ಹೇಳಿದರು. ಆ ಶಾಲೆಗಳಲ್ಲಿ ಧೂಮಪಾನಕ್ಕೆ ಇಳಿಯುವವರ ಪ್ರಮಾಣ ತಗ್ಗಿತು. ಅಲ್ಲಿದ್ದವರು ಹನ್ನೆರಡು–ಹದಿಮೂರರ ಮಕ್ಕಳು, ನಮ್ಮವರು ದೊಡ್ಡವರು. ಆದರೂ ಗೆಳೆಯನ ಮಾತಿಗೆ ಇರುವ ತೂಕ ಕಾಲೇಜಿನಲ್ಲಿ ಕಡಿಮೆಯಾಗುವುದಿಲ್ಲ.

ಪ್ರತಿ ತರಗತಿಯಲ್ಲಿ ಒಂದು ಚೀಟಿ ಹಂಚಿ, ಇದೇ ಪ್ರಶ್ನೆ ಕೇಳಿ, ಹೆಚ್ಚು ಬಾರಿ ಬಂದ ಹೆಸರುಗಳನ್ನು ಆರಿಸಿಕೊಳ್ಳಿ. ಕ್ರಿಕೆಟ್ ತಂಡದ ನಾಯಕ, ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಬೇಕಾದ ಅಕ್ಕ, ಬಸ್ಸಿನಲ್ಲಿ ದಿನವೂ ನಗಿಸುವ ಹುಡುಗ ಇಂಥವರು ಪಟ್ಟಿಯಲ್ಲಿ ಬರುತ್ತಾರೆ. ಅವರಲ್ಲಿ ಸಿಗರೇಟು ಸೇದುವವನೊಬ್ಬ ಇದ್ದರೆ ಅವನನ್ನು ಕೈಬಿಡಬೇಡಿ. ಬಿಡಲು ಅವನು ಮನಸ್ಸು ಮಾಡಿದರೆ ಅದನ್ನು ನೋಡಿ ಕಲಿಯುವವರು ಅನೇಕರು.

ಇದೇ ವಾರ ಹೆಸರು ಬರೆಯದ ಒಂದು ಪ್ರಶ್ನಾವಳಿಯನ್ನೂ ಮಾಡಿಸಿ. ಕಳೆದ 30 ದಿನಗಳಲ್ಲಿ ಸಿಗರೇಟು, ಬೀಡಿ, ಗುಟ್ಕಾ, ಪಾನ್ ಮಸಾಲ ಅಥವಾ ವೇಪ್ (ಇ-ಸಿಗರೇಟು) ಬಳಸಿದ್ದೀರಾ? ನಿಮ್ಮ ತರಗತಿಯಲ್ಲಿ ನೂರಕ್ಕೆ ಎಷ್ಟು ಜನ ಬಳಸುತ್ತಾರೆಂದು ನಿಮ್ಮ ಊಹೆ? ವಾರದಲ್ಲಿ ಎಷ್ಟು ದಿನ ಬೆಳಗಿನ ತಿಂಡಿ ತಿನ್ನುತ್ತೀರಿ? ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್) ಲಸಿಕೆ ಆಗಿದೆಯೇ? ಇವುಗಳಲ್ಲಿ ಎರಡನೆಯ ಪ್ರಶ್ನೆ ಬಹಳ ಮುಖ್ಯ. ‘ಎಲ್ಲರೂ ಸೇದುತ್ತಾರೆ’ ಎಂಬ ಊಹೆ ನಿಜಕ್ಕಿಂತ ದೊಡ್ಡದಾಗಿಯೇ ಇರುವುದು ಸಾಮಾನ್ಯ. ಊಹೆಯ ಸಂಖ್ಯೆಯನ್ನೂ ನಿಜವಾದ ಸಂಖ್ಯೆಯನ್ನೂ ಅಕ್ಕಪಕ್ಕ ಬರೆದು ತೋರಿಸಿದಾಗ, ಸೇದದವನಿಗೆ ತಾನು ಒಂಟಿಯಲ್ಲವೆಂದು ತಿಳಿಯುತ್ತದೆ. ಉತ್ತರ ಪತ್ರಗಳನ್ನು ಡಬ್ಬಿಯಲ್ಲಿ ಹಾಕಿಸಿ. ಕೈಬರಹದಿಂದ ಯಾರೆಂದು ಹುಡುಕುವ ಪ್ರಯತ್ನವನ್ನು ಯಾರೂ ಮಾಡಕೂಡದು. ಹಾಗೇನಾದರೂ ಆದರೆ ಮುಂದಿನ ವರ್ಷಗಳಲ್ಲಿ ಯಾರೂ ನಿಜ ಬರೆಯುವುದಿಲ್ಲ.

ಹಂತ 3: ಹೆದರಿಸದೆ ವಿಷಯವನ್ನು ಆರಂಭಿಸಿ

ಮೊದಲ ತರಗತಿಯಲ್ಲಿ ಕ್ಯಾನ್ಸರ್ ಹೇಗೆ ಹುಟ್ಟುತ್ತದೆ ಎಂಬುದನ್ನು ಸರಳವಾಗಿ ವಿವರಿಸಿ. ಜೀವಕೋಶ ವಿಭಜನೆಯಾಗುವಾಗ ಡಿಎನ್‌ಎಯಲ್ಲಿ ತಪ್ಪುಗಳಾಗುತ್ತವೆ. ದೇಹ ಬಹಳಷ್ಟನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಹೊಗೆ, ಮದ್ಯ, ಕೆಲವು ವೈರಸ್‌ಗಳು ಈ ತಪ್ಪುಗಳನ್ನು ಹೆಚ್ಚಿಸುತ್ತವೆ ಅಥವಾ ರಿಪೇರಿ ಕೆಲಸಕ್ಕೆ ಅಡ್ಡಿಯಾಗುತ್ತವೆ. ಇಂಥ ತಪ್ಪುಗಳು ಹಲವು ವರ್ಷ ಒಂದರ ಮೇಲೊಂದು ಸೇರಿದಾಗ ಕೋಶ ಹಿಡಿತ ತಪ್ಪಿ ಬೆಳೆಯುತ್ತದೆ. ‘ಹಲವು ವರ್ಷ’ ಎಂಬುದನ್ನು ಒತ್ತಿ ಹೇಳಬೇಕು. ಬೇಗ ನಿಲ್ಲಿಸಿದವರಿಗೆ ಲಾಭವಾಗುವುದು ಈ ಕಾರಣಕ್ಕೇ. ಬ್ರಿಟನ್ನಿನ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಮೂವತ್ತರ ಸುಮಾರಿಗೆ ಧೂಮಪಾನ ಬಿಟ್ಟವರು ಬಿಡದವರಿಗಿಂತ ಸರಾಸರಿ ಹತ್ತು ವರ್ಷ ಹೆಚ್ಚು ಬದುಕಿದರು; ಅರವತ್ತರಲ್ಲಿ ಬಿಟ್ಟವರಿಗೆ ಸಿಕ್ಕಿದ್ದು ಮೂರು ವರ್ಷ.

ಕೊಳೆತ ದವಡೆ, ಕಪ್ಪಾದ ಶ್ವಾಸಕೋಶಗಳ ಚಿತ್ರಗಳನ್ನು ಸಾಲಾಗಿ ತೋರಿಸುವುದರಿಂದ ಒಂದು ಗಂಟೆಯ ಮೌನ ಸಿಗಬಹುದು. ಆದರೆ ಏನು ಮಾಡಬೇಕೆಂದು ಹೇಳದ ಹೆದರಿಕೆಯಿಂದ ತಪ್ಪಿಸಿಕೊಳ್ಳಲು ಮನಸ್ಸು ಆ ವಿಷಯವನ್ನೇ ಮರೆಯಲು ನೋಡುತ್ತದೆ. ಅಪಾಯವನ್ನು ಹೇಳಿದ ಬೆನ್ನಿಗೇ ಇವತ್ತೇ ಮಾಡಬಹುದಾದ ಒಂದು ಕೆಲಸವನ್ನು ಹೇಳುವ ಕ್ರಮವನ್ನು ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಅರವತ್ತು ಜನರ ತರಗತಿಯಲ್ಲಿ ತಾಯಿಯನ್ನೋ ಚಿಕ್ಕಪ್ಪನನ್ನೋ ಕ್ಯಾನ್ಸರ್‌ನಿಂದ ಕಳೆದುಕೊಂಡವರು, ಅಥವಾ ಈಗ ಕಿದ್ವಾಯಿ ಆಸ್ಪತ್ರೆಯ ವಾರ್ಡಿನಲ್ಲಿ ತಂದೆಯನ್ನು ಬಿಟ್ಟು ಪರೀಕ್ಷೆಗೆಂದು ಬಂದವರು ಇರಬಹುದು. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಧಾಟಿ ನಿಮ್ಮ ಮಾತಿನಲ್ಲಿ ಎಲ್ಲಿಯೂ ಇಣುಕಬಾರದು. ಯಾವ ಕೆಟ್ಟ ಅಭ್ಯಾಸವೂ ಇಲ್ಲದವರಿಗೂ ಕ್ಯಾನ್ಸರ್ ಬರುತ್ತದೆ, ಕೆಲವರಿಗೆ ವಂಶವಾಹಿಯ ಕಾರಣದಿಂದ, ಹಲವರಿಗೆ ಯಾವ ಕಾರಣವೆಂದು ತಿಳಿಯದೆ. ನಾವು ಕಲಿಯುತ್ತಿರುವುದು ಸಾಧ್ಯತೆಯನ್ನು ಕಡಿಮೆ ಮಾಡುವುದನ್ನು ಎಂದು ಆರಂಭದಲ್ಲಿಯೇ ಸ್ಪಷ್ಟವಾಗಿ ಹೇಳಿ. ತರಗತಿಯ ಹಿಂದಿನ ದಿನವೇ ವಿಷಯ ತಿಳಿಸಿ, ಬಯಸದವರು ಹೊರಗಿರಬಹುದು, ಕಾರಣ ಕೇಳುವುದಿಲ್ಲ ಎಂದು ಹೇಳಿಡುವುದು ಒಳ್ಳೆಯದು.

ಹಂತ 4: ತಂಬಾಕು ಮತ್ತು ಅಡಿಕೆ

ಕರ್ನಾಟಕದಲ್ಲಿ, ಆರಂಭದಲ್ಲಿ ಹೇಳಿದ 2016–17ರ ತಂಬಾಕು ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಮತ್ತು ಅವರಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಪೋಸ್ಟರುಗಳಲ್ಲಿ ಬರೀ ಸಿಗರೇಟಿನ ಚಿತ್ರ ಹಾಕಿದರೆ ಈ ದೊಡ್ಡ ಗುಂಪನ್ನು ಬಿಟ್ಟಂತಾಗುತ್ತದೆ. ರಾಜ್ಯದಲ್ಲಿ ಗುಟ್ಕಾ 2013ರಿಂದ ನಿಷೇಧದಲ್ಲಿದ್ದರೂ ಪಾನ್ ಮಸಾಲವನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಗಳಲ್ಲಿ ಕೊಂಡು ಬಾಯಲ್ಲೇ ಬೆರೆಸಿಕೊಳ್ಳುವ ರೂಢಿ ಬಂದಿದೆ. ಇದನ್ನು ತರಗತಿಯಲ್ಲಿ ಹೆಸರು ಹಿಡಿದು ಮಾತನಾಡಬೇಕು.

ಅಡಿಕೆಯ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. ತಂಬಾಕಿಲ್ಲದ ಎಲೆಅಡಿಕೆಯಿಂದ ಏನೂ ಆಗದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ಅಡಿಕೆಯನ್ನು, ತಂಬಾಕು ಬೆರೆಸದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯನ್ನು ಪದೇಪದೇ ಅಗಿಯುವುದರಿಂದ ಕೆನ್ನೆಯ ಒಳಪದರ ಗಡುಸಾಗಿ, ಖಾರ ತಾಳದಂತಾಗಿ, ಬಾಯಿ ತೆರೆಯುವುದೇ ಕ್ರಮೇಣ ಕಡಿಮೆಯಾಗುವ ಕಾಯಿಲೆ ಬರುತ್ತದೆ. ಇದು ಇಪ್ಪತ್ತರ ಹರೆಯದವರಲ್ಲೂ ಕಂಡುಬರುತ್ತದೆ, ಪೂರ್ತಿ ಹಿಂದಿನಂತೆ ಆಗುವುದು ಕಷ್ಟ, ಮುಂದೆ ಕ್ಯಾನ್ಸರ್‌ಗೆ ತಿರುಗುವ ಅಪಾಯವೂ ಉಂಟು. ಇದೇ ವೇಳೆ ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ತೀರ್ಥಹಳ್ಳಿ, ಶಿರಸಿ, ಪುತ್ತೂರು, ಚನ್ನಗಿರಿಯ ಕಡೆಯ ವಿದ್ಯಾರ್ಥಿಗಳ ಕಾಲೇಜು ಶುಲ್ಕ ಬಂದಿರುವುದು ಆ ತೋಟಗಳಿಂದಲೇ ಇರಬಹುದು. ಬೆಳೆಗಾರರನ್ನು ದೂರುವ ಒಂದು ಮಾತೂ ಬೇಡ; ಮದುವೆ, ಹಬ್ಬದ ತಾಂಬೂಲಕ್ಕಿರುವ ಗೌರವವನ್ನು ಹಗುರ ಮಾಡುವುದೂ ಬೇಡ. ಆದರೆ ಜೇಬಿನಲ್ಲಿ ಚೀಟಿ ಇಟ್ಟುಕೊಂಡು ದಿನಕ್ಕೆ ಹಲವು ಸಲ ಅಗಿಯುವುದರ ಪರಿಣಾಮವನ್ನು ಮುಚ್ಚಿಡುವುದೂ ಸರಿಯಲ್ಲ. ಈ ಸತ್ಯವನ್ನು ಮೆಲುದನಿಯಲ್ಲಿ, ನೇರವಾಗಿ ಹೇಳಬೇಕು.

ಇಲ್ಲಿ ಎಲ್ಲರೂ ಮಾಡಬಹುದಾದ ಒಂದು ಚಟುವಟಿಕೆಯಿದೆ. ತಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಲಂಬವಾಗಿ ಇಡಲು ಹೇಳಿ. ಸಾಮಾನ್ಯವಾಗಿ ಮೂರು ಬೆರಳು ಹಿಡಿಸುತ್ತವೆ. ಹಿಡಿಸದವರನ್ನು ಎಲ್ಲರೆದುರು ಗುರುತಿಸದೆ, ದಂತವೈದ್ಯರನ್ನು ಕಾಣುವಂತೆ ಇಡೀ ತರಗತಿಗೆ ಸಾಮಾನ್ಯ ಸೂಚನೆ ಕೊಡಿ. ನಂತರ ಕೈಗನ್ನಡಿ ಮತ್ತು ಮೊಬೈಲ್ ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ಮತ್ತು ಅಡಿಭಾಗ, ವಸಡು, ತುಟಿಯ ಒಳಬದಿಯನ್ನು ನೋಡಿಕೊಳ್ಳುವುದನ್ನು ಕಲಿಸಿ. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು–ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ತೋರಿಸಬೇಕು. ಹತ್ತಿರದಲ್ಲಿ ದಂತವೈದ್ಯ ಕಾಲೇಜು ಇದ್ದರೆ ಅವರನ್ನೇ ತಪಾಸಣಾ ಶಿಬಿರಕ್ಕೆ ಕರೆಯಬಹುದು.

ಬೇಡವೆನ್ನುವುದನ್ನೂ ಅಭ್ಯಾಸ ಮಾಡಿಸಬೇಕಾಗುತ್ತದೆ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಅವರ ಭಾಷೆಯಲ್ಲೇ ಆಡಿಸಿ. ‘ಮಗಾ, ಒಂದ್ ದಮ್ ಎಳಿ, ಏನೂ ಆಗಲ್ಲ’ ಎಂದವನಿಗೆ ಭಾಷಣದ ಉತ್ತರ ಹೊಂದುವುದಿಲ್ಲ. ‘ಬೇಡ ಕಣೋ, ನಂಗೆ ಸೇರಲ್ಲ, ಟೀ ಹೇಳು’ ಎಂಬಂಥ ಚಿಕ್ಕ ಉತ್ತರ ಬೇಕು. ಎರಡನೇ ಸಲ ಒತ್ತಾಯಿಸಿದರೆ ಏನು, ಮೂರನೇ ಸಲ ಗೇಲಿ ಮಾಡಿದರೆ ಏನು ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ.

ಈಗಾಗಲೇ ಬಳಸುತ್ತಿರುವವರಿಗೆ ಬೈಗುಳದಿಂದ ಪ್ರಯೋಜನವಿಲ್ಲ. ಬಿಡುವ ದಿನವೊಂದನ್ನು ಅವರೇ ಗೊತ್ತುಮಾಡಲಿ, ಪರೀಕ್ಷೆಯ ವಾರವನ್ನು ಬಿಟ್ಟು. ಮೊದಲ ಎರಡು–ಮೂರು ದಿನ ಸಿಡುಕು, ತಲೆನೋವು, ಚಡಪಡಿಕೆ ಹೆಚ್ಚಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುತೇಕ ಇಳಿಯುತ್ತವೆ. ಒಮ್ಮೆ ಎದ್ದ ಚಪಲ ಕೆಲವೇ ನಿಮಿಷ ಇರುತ್ತದೆ ಎಂಬುದು ಗೊತ್ತಿದ್ದರೆ ಆ ನಿಮಿಷಗಳನ್ನು ನೀರು ಕುಡಿದೋ ಒಂದು ಸುತ್ತು ನಡೆದೋ ದಾಟಬಹುದು. ಕೇಂದ್ರ ಆರೋಗ್ಯ ಸಚಿವಾಲಯದ ಉಚಿತ ಸಹಾಯವಾಣಿ 1800-11-2356 ತಂಬಾಕು ಬಿಡಲು ನೆರವಾಗುತ್ತದೆ. ಇದನ್ನು ಶೌಚಾಲಯದ ಬಾಗಿಲಿನ ಒಳಬದಿಯಲ್ಲಿ ಅಂಟಿಸಿ. ಅಲ್ಲಿ ಯಾರೂ ನೋಡದಂತೆ ಸಂಖ್ಯೆ ಬರೆದುಕೊಳ್ಳಬಹುದು. ಆತಂಕ, ಖಿನ್ನತೆಯಿಂದ ಸೇದುವವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಕೊಡಿ.

ಇನ್ನು ಕಾಲೇಜಿನ ಗೇಟು. ತಂಬಾಕು ನಿಯಂತ್ರಣಕ್ಕೆಂದು 2003ರಲ್ಲಿ ಬಂದ ಕೋಟ್ಪಾ ಕಾಯ್ದೆಯ ಪ್ರಕಾರ ಶಿಕ್ಷಣ ಸಂಸ್ಥೆಯ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿಯು ತಂಬಾಕು ಮಾರಾಟದ ವಯೋಮಿತಿಯನ್ನು 18ರಿಂದ 21ಕ್ಕೆ ಏರಿಸಿದೆ, ಸಾರ್ವಜನಿಕ ಸ್ಥಳದಲ್ಲಿ ಬಳಸಿದರೆ ದಂಡವನ್ನು 200 ರೂಪಾಯಿಯಿಂದ 1000ಕ್ಕೆ ಹೆಚ್ಚಿಸಿದೆ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿದೆ. ಇ-ಸಿಗರೇಟುಗಳ ಮಾರಾಟ 2019ರಿಂದ ದೇಶದಾದ್ಯಂತ ಅಪರಾಧ. ಪದವಿ ತರಗತಿಯ ಬಹುಪಾಲು ವಿದ್ಯಾರ್ಥಿಗಳಿಗೆ ಇಪ್ಪತ್ತೊಂದು ತುಂಬಿರುವುದಿಲ್ಲವಾದ್ದರಿಂದ, ಗೇಟಿನೆದುರಿನ ಗೂಡಂಗಡಿ ಅವರಿಗೆ ಮಾರುವುದು ಕಾನೂನಿಗೆ ವಿರುದ್ಧ. ವಿದ್ಯಾರ್ಥಿ ತಂಡದೊಂದಿಗೆ ಗೇಟಿನಿಂದ ದೂರ ಅಳೆದು, ನಕ್ಷೆ ಬರೆದು, ಅಂಗಡಿಯವರೊಂದಿಗೆ ಮೊದಲು ಸೌಜನ್ಯದಿಂದ ಮಾತನಾಡಿ. ಫಲ ಸಿಗದಿದ್ದರೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಪ್ರಾಂಶುಪಾಲರ ಸಹಿಯಿರುವ ಪತ್ರ ಬರೆಯಿರಿ. ವಿದ್ಯಾರ್ಥಿಗಳನ್ನು ಮಾತ್ರ ಜಗಳಕ್ಕೆ ಮುಂದೆ ಬಿಡಬೇಡಿ. ಸಿಬ್ಬಂದಿ ಕೊಠಡಿಯ ಹಿಂದೆ ಅಧ್ಯಾಪಕರು ಸೇದುತ್ತಿದ್ದರೆ ಈ ಇಡೀ ಹಂತ ವ್ಯರ್ಥ ಎಂಬುದನ್ನು ಹೇಳಲೇಬೇಕು.

ಹಂತ 5: ಲಸಿಕೆ, ಅದರ ಕಾರ್ಡು ಮತ್ತು ದಿನಾಂಕ

ಅಭ್ಯಾಸಗಳಿಗೆ ಜೀವನವಿಡೀ ಶ್ರಮ ಬೇಕು. ಲಸಿಕೆಗೆ ಬೇಕಾದದ್ದು ಎರಡು–ಮೂರು ದಿನ. ಹಾಗಿದ್ದೂ ನಮ್ಮ ಕಾಲೇಜುಗಳ ಆರೋಗ್ಯ ಕಾರ್ಯಕ್ರಮಗಳಲ್ಲಿ ಇದರ ಮಾತೇ ಬರುವುದಿಲ್ಲ ಎಂಬುದು ನನ್ನ ದೊಡ್ಡ ಕಳವಳ.

ಗರ್ಭಕಂಠದ ಕ್ಯಾನ್ಸರ್‌ನ ಬಹುತೇಕ ಎಲ್ಲ ಪ್ರಕರಣಗಳಿಗೂ ಎಚ್‌ಪಿವಿ ಎಂಬ ವೈರಸ್ ಕಾರಣ. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು. ಭಾರತದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂದಿತೆಂಬ ಅಂದಾಜಿದೆ. ಲಸಿಕೆ ಕೊಡಲು ಅತ್ಯುತ್ತಮ ವಯಸ್ಸು 9ರಿಂದ 14. ಹಾಗೆಂದು ಕಾಲೇಜಿಗೆ ಬಂದವರಿಗೆ ಕಾಲ ಮೀರಿಲ್ಲ. ಸ್ವೀಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಕಡಿಮೆಯಿತ್ತು. 17ರಿಂದ 30ರೊಳಗೆ ಪಡೆದವರಲ್ಲಿ ಶೇ 53ರಷ್ಟು ಕಡಿಮೆಯಿತ್ತು. ಕಡಿಮೆಯಾದರೂ ದೊಡ್ಡ ಲಾಭವೇ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಬಳಕೆಗೆ ಬಂದ ಮೇಲೆ ದೇಶೀಯ ಲಸಿಕೆಯೂ ಸಿಗುತ್ತಿದೆ. ಅದಕ್ಕೆ 9ರಿಂದ 26 ವರ್ಷದ ಹೆಣ್ಣು, ಗಂಡು ಇಬ್ಬರಿಗೂ ಅನುಮತಿಯಿದೆ. ಗಂಡಸರಲ್ಲಿ ಗಂಟಲು ಮತ್ತು ಗುದದ್ವಾರದ ಕೆಲವು ಕ್ಯಾನ್ಸರ್‌ಗಳಿಗೂ ಇದೇ ವೈರಸ್ ಕಾರಣವಾದ್ದರಿಂದ ತರಗತಿಯಿಂದ ಹುಡುಗರನ್ನು ಹೊರಗೆ ಕಳುಹಿಸಬೇಡಿ.

ಹದಿನೈದು ದಾಟಿದವರಿಗೆ ನಮ್ಮಲ್ಲಿ ರೂಢಿಯಲ್ಲಿರುವ ಕ್ರಮ ಮೂರು ಡೋಸುಗಳದ್ದು: ಮೊದಲನೆಯದು, ಎರಡು ತಿಂಗಳ ನಂತರ ಎರಡನೆಯದು, ಆರು ತಿಂಗಳಿಗೆ ಮೂರನೆಯದು. 20 ವರ್ಷದವರೆಗಿನವರಿಗೆ ಒಂದು ಅಥವಾ ಎರಡು ಡೋಸು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿರುವುದರಿಂದ ಎಷ್ಟು ಡೋಸು ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಆಗಸ್ಟ್‌ನಲ್ಲಿ ಆರಂಭಿಸಿದರೆ ಅಕ್ಟೋಬರ್ ಮತ್ತು ಫೆಬ್ರವರಿಯಲ್ಲಿ ಉಳಿದ ಡೋಸುಗಳು ಬರುತ್ತವೆ. ಎಲ್ಲವೂ ಒಂದೇ ಶೈಕ್ಷಣಿಕ ವರ್ಷದಲ್ಲಿ ಮುಗಿಯುತ್ತವೆ. ಚುಚ್ಚುಮದ್ದಿನ ನಂತರ ಎಳೆಯರಲ್ಲಿ ತಲೆಸುತ್ತು ಬರುವುದುಂಟು, ಹದಿನೈದು ನಿಮಿಷ ಕೂರಿಸಿ. ಗರ್ಭಿಣಿಯರಿದ್ದರೆ ಮುಂದೂಡಬೇಕು. ಖರ್ಚು ಅನೇಕ ಮನೆಗಳಿಗೆ ಹೊರೆ. ಹಳೆಯ ವಿದ್ಯಾರ್ಥಿಗಳ ಸಂಘ, ರೋಟರಿ, ಲಯನ್ಸ್‌ನಂತಹ ಸೇವಾ ಕ್ಲಬ್‌ಗಳನ್ನು ಕೇಳುವುದಕ್ಕೆ ಸಂಕೋಚ ಬೇಡ. ಸರ್ಕಾರಿ ಸೌಲಭ್ಯವೇನಿದೆ ಎಂಬುದನ್ನು ತಾಲ್ಲೂಕು ಆರೋಗ್ಯಾಧಿಕಾರಿಯಿಂದ ಮೊದಲೇ ತಿಳಿದುಕೊಳ್ಳಿ.

ಹದಿನೆಂಟು ತುಂಬಿದವರ ಒಪ್ಪಿಗೆಯೇ ಸಾಕಾದರೂ ಮನೆಯವರಿಗೆ ಪತ್ರ ಬರೆಯುವುದು ವಿವೇಕ. ‘ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಅಂತೆ, ನಮ್ಮ ಮಗಳಿಗೆ ಯಾಕೆ?’ ಎಂದು ತಾಯಂದಿರು ಕೇಳುತ್ತಾರೆ. ಮದುವೆಯಾದ ಮೇಲೆಯೂ ಯಾರಿಗಾದರೂ ತಗಲಬಹುದಾದ ಬಹು ಸಾಮಾನ್ಯ ಸೋಂಕು ಇದು, ಸೋಂಕು ತಗಲುವ ಮುನ್ನವೇ ಕೊಟ್ಟರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಈಗಾಗಲೇ ಇರುವ ಸೋಂಕನ್ನು ಅದು ವಾಸಿ ಮಾಡುವುದಿಲ್ಲ ಎಂದು ವಿವರಿಸಿ. ಲಸಿಕೆ ಪಡೆದವರೂ ಮೂವತ್ತರ ನಂತರ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಬೇಕು. ಮನೆಯಲ್ಲಿರುವ ಅಮ್ಮ, ಅತ್ತೆ, ದೊಡ್ಡಮ್ಮಂದಿರಿಗೆ ಈ ತಪಾಸಣೆ ಈಗಲೇ ಬೇಕು ಎಂಬ ಮಾತನ್ನೂ ವಿದ್ಯಾರ್ಥಿಗಳ ಮೂಲಕ ಕಳುಹಿಸಿ.

ಹೆಪಟೈಟಿಸ್ ಬಿ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗುವ ಇನ್ನೊಂದು ವೈರಸ್. ಈ ಲಸಿಕೆ ದೇಶದ ಎಲ್ಲ ಮಕ್ಕಳ ಸಾರ್ವತ್ರಿಕ ಕಾರ್ಯಕ್ರಮಕ್ಕೆ ಪೂರ್ಣವಾಗಿ ಬಂದದ್ದು 2011ರ ಹೊತ್ತಿಗೆ. ಇಂದಿನ ಪದವಿ ವಿದ್ಯಾರ್ಥಿಗಳು ಅದಕ್ಕೂ ಮೊದಲು ಹುಟ್ಟಿದವರಾದ್ದರಿಂದ ಕೆಲವರಿಗೆ ತಪ್ಪಿರುವ ಸಾಧ್ಯತೆ ನಿಜಕ್ಕೂ ಇದೆ. ಊರಿಗೆ ಹೋದಾಗ ಮನೆಯ ಟ್ರಂಕಿನಲ್ಲಿರುವ ತಾಯಿ ಕಾರ್ಡಿನ ಫೋಟೊ ತೆಗೆದುಕೊಂಡು ಬರಲು ಹೇಳಿ. ಕಾರ್ಡು ಇಲ್ಲದವರು ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಬಹುದು. ಹಾಸ್ಟೆಲ್ಲಿನಲ್ಲಿ ಒಬ್ಬರ ರೇಜರನ್ನು ಇನ್ನೊಬ್ಬರು ಬಳಸುವುದು, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಚ್ಚೆ ಹಾಕಿಸಿಕೊಳ್ಳುವುದು ಈ ವೈರಸ್ ಹರಡುವ ದಾರಿಗಳು.

ಹಂತ 6: ಮದ್ಯದ ಲೆಕ್ಕ

ಮದ್ಯದಿಂದ ಯಕೃತ್ತು ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡಕರುಳು ಮತ್ತು ಹೆಂಗಸರಲ್ಲಿ ಸ್ತನದ ಕ್ಯಾನ್ಸರ್‌ಗೆ ಅದು ಕಾರಣವಾಗುತ್ತದೆ ಎಂಬುದು ಗೊತ್ತಿರುವುದು ಕಡಿಮೆ. ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ತಂಬಾಕೂ ಮದ್ಯವೂ ಜೊತೆಗೂಡಿದರೆ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಅಪಾಯ ಹಲವು ಪಟ್ಟು ಏರುತ್ತದೆ.

‘ಬರೀ ಬಿಯರ್ ತಾನೇ’ ಎನ್ನುವವರಿಗೆ ಬೋರ್ಡಿನ ಮೇಲೆ ಲೆಕ್ಕ ಮಾಡಿಸಿ. ಒಂದು ಮಿಲಿಲೀಟರ್ ಆಲ್ಕೋಹಾಲ್ ಸುಮಾರು 0.79 ಗ್ರಾಂ ತೂಗುತ್ತದೆ. ಶೇ 42.8ರ ವಿಸ್ಕಿಯ 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇದೆ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 41 ಗ್ರಾಂ. ಅಂದರೆ ಒಂದು ಬಾಟಲಿ ಬಿಯರ್ ನಾಲ್ಕು ಸಣ್ಣ ಪೆಗ್ಗುಗಳಿಗೆ ಸಮ. ಲೆಕ್ಕವನ್ನು ತಾವೇ ಮಾಡಿದ ವಿದ್ಯಾರ್ಥಿಗಳು ಅದನ್ನು ಮರೆಯುವುದಿಲ್ಲ. ಜೊತೆಗೆ ಬೀಳ್ಕೊಡುಗೆ, ಹುಟ್ಟುಹಬ್ಬ, ಪ್ರವಾಸಗಳನ್ನು ಮದ್ಯವಿಲ್ಲದೆ ಸಂಭ್ರಮಿಸಲು ಜಾಗ ಮತ್ತು ಅನುಮತಿ ಕೊಡುವುದು ಕಾಲೇಜಿನ ಕೆಲಸ. ಸಂಜೆ ಐದಕ್ಕೇ ಮೈದಾನದ ಗೇಟಿಗೆ ಬೀಗ ಹಾಕುವ ಕಾಲೇಜು ತನ್ನ ಹುಡುಗರನ್ನು ಬೇರೆ ಕಡೆಗೆ ತಾನೇ ಕಳಿಸುತ್ತಿದೆ.

ಹಂತ 7: ಮೆಸ್ಸಿನ ತಟ್ಟೆ ಮತ್ತು ನಡಿಗೆ

ಅತಿತೂಕ ಕನಿಷ್ಠ 13 ಬಗೆಯ ಕ್ಯಾನ್ಸರ್‌ಗಳ ಅಪಾಯವನ್ನು ಹೆಚ್ಚಿಸುತ್ತದೆ. ಆದರೆ ಹದಿಹರೆಯ ದಾಟುತ್ತಿರುವವರ ಮುಂದೆ ತೂಕದ ಮಾತನ್ನು ಎತ್ತುವಾಗ ಯಾರ ಮೈಕಟ್ಟನ್ನೂ ಉದಾಹರಣೆ ಮಾಡಬಾರದು. ಮಾತು ತಟ್ಟೆಯ ಬಗ್ಗೆ ಇರಲಿ. ದಿನಕ್ಕೆ 400 ಗ್ರಾಂ ಹಣ್ಣು–ತರಕಾರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ದಿನ ಮೆಸ್ಸಿನಲ್ಲಿ ತಕ್ಕಡಿ ಇಟ್ಟು ತೂಗಿ ನೋಡಿದರೆ ನಮ್ಮ ತಟ್ಟೆ ಅದರಿಂದ ಎಷ್ಟು ದೂರವಿದೆ ಎಂದು ತಿಳಿಯುತ್ತದೆ. ಪರಿಹಾರ ದುಬಾರಿಯದಲ್ಲ: ವಾರದಲ್ಲಿ ಎರಡು ದಿನ ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ, ಸೊಪ್ಪಿನ ಸಾರು, ಹೆಸರುಬೇಳೆ ಕೋಸಂಬರಿ, ಮೊಳಕೆಕಾಳಿನ ಪಲ್ಯ, ಊಟಕ್ಕೊಂದು ಬಾಳೆಹಣ್ಣು. ನಾರಿನಂಶವಿರುವ ಇಡಿಧಾನ್ಯಗಳು ದೊಡ್ಡಕರುಳಿನ ಕ್ಯಾನ್ಸರ್‌ನಿಂದ ರಕ್ಷಣೆ ಕೊಡುತ್ತವೆ. ಸಾಸೇಜ್, ಸಲಾಮಿಯಂತಹ ಸಂಸ್ಕರಿಸಿದ ಮಾಂಸವನ್ನು 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಲಾಗಿದೆ; ಅದು ಅಪರೂಪದ ತಿನಿಸಾಗಿ ಉಳಿಯಲಿ. ಮುಗ್ಗಲು ಹಿಡಿದ ಕಡಲೆಕಾಯಿಯನ್ನು ತೊಳೆದು ಹುರಿದರೂ ಬಳಸಬಾರದು. ಅದರಲ್ಲಿರುವ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ. ಈ ಮಾತನ್ನು ಅಡುಗೆ ಭಟ್ಟರಿಗೇ ತಿಳಿಸಬೇಕು, ಮೆಸ್ ಸಮಿತಿಯಲ್ಲಿ ಅವರಿಗೂ ಜಾಗ ಕೊಡಬೇಕು.

ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ ಸಾಕು. ಒಂದು ಸ್ಟಾಪ್ ಮೊದಲೇ ಬಸ್ ಇಳಿದು ನಡೆಯುವುದು ಬಹಳ ಜನಕ್ಕೆ ಜಿಮ್‌ಗಿಂತ ಬಾಳಿಕೆ ಬರುತ್ತದೆ. ‘ಇನ್ನು ಮೇಲೆ ವ್ಯಾಯಾಮ ಮಾಡುತ್ತೇನೆ’ ಎಂದು ಬರೆಸುವ ಬದಲು, ‘ಕೊನೆಯ ಪೀರಿಯಡ್ ಮುಗಿದೊಡನೆ ಮೈದಾನದ ನಾಲ್ಕು ಸುತ್ತು ಹಾಕುತ್ತೇನೆ’ ಎಂಬಂತೆ ಹೊತ್ತು, ಜಾಗ ಎರಡೂ ಇರುವ ವಾಕ್ಯ ಬರೆಸಿ. ಹುಡುಗಿಯರಿಗೆ ಮೈದಾನ ನಿಜವಾಗಿ ಸಿಗುತ್ತದೆಯೇ, ಅಥವಾ ಸದಾ ಕ್ರಿಕೆಟ್ ಆಡುವವರ ಕೈಯಲ್ಲೇ ಇದೆಯೇ ಎಂಬುದನ್ನೂ ಗಮನಿಸಿ.

ಹಂತ 8: ದೇಹದ ಬದಲಾವಣೆಯನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವುದು

ಈ ವಯಸ್ಸಿನಲ್ಲಿ ಸ್ತನದಲ್ಲಿ ಸಿಗುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೂ ತೋರಿಸಿ ಖಚಿತಪಡಿಸಿಕೊಳ್ಳಬೇಕು. ವೃಷಣದ ಕ್ಯಾನ್ಸರ್ ಅಪರೂಪದ್ದಾದರೂ ಹೆಚ್ಚಾಗಿ ಕಾಣುವುದು ಹದಿನೈದರಿಂದ ಮೂವತ್ತೈದರ ಗಂಡಸರಲ್ಲಿ, ಮತ್ತು ಬೇಗ ತೋರಿಸಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಡುವುದೇ ತೊಂದರೆ. ನೋವಿಲ್ಲದ ಕುತ್ತಿಗೆ ಗಂಟು, ವಾರಗಟ್ಟಲೆಯ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಇಳಿಯುವ ತೂಕ ಇವೆಲ್ಲ ಕ್ಷಯ ಅಥವಾ ಬೇರೆ ಸೋಂಕಿನಿಂದಲೂ ಬರುತ್ತವೆ; ಎರಡಕ್ಕೂ ವೈದ್ಯರು ಬೇಕು. ಸೂಜಿ ಚುಚ್ಚಿ ಪರೀಕ್ಷಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಹೆದರಿ ಬಯಾಪ್ಸಿ ತಪ್ಪಿಸಿಕೊಳ್ಳುವವರಿದ್ದಾರೆ. ಆ ಹೆದರಿಕೆಯನ್ನು ಹೋಗಲಾಡಿಸಿ.

ಮೊದಲು ಹೋಗಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ. ಅಗತ್ಯವಿದ್ದವರನ್ನು ಅವರೇ ಬೆಂಗಳೂರಿನ ಕಿದ್ವಾಯಿಯಂತಹ ಕೇಂದ್ರಗಳಿಗೆ ಕಳುಹಿಸುತ್ತಾರೆ. ಮಾಹಿತಿಗೆ ಆರೋಗ್ಯ ಸಹಾಯವಾಣಿ 104 ಇದೆ. ಹುಡುಗಿಯರು ನಂಬಿ ಮಾತನಾಡಬಲ್ಲ ಒಬ್ಬ ಅಧ್ಯಾಪಕಿ, ಹುಡುಗರು ನಂಬಿ ಮಾತನಾಡಬಲ್ಲ ಒಬ್ಬ ಅಧ್ಯಾಪಕರ ಹೆಸರನ್ನು ಪ್ರಕಟಿಸಿ, ವಾರದಲ್ಲಿ ಒಂದು ಗಂಟೆ ಅವರು ಸಿಗುವಂತೆ ವೇಳಾಪಟ್ಟಿ ಮಾಡಿ. ತಾಯಿ, ಅಕ್ಕ, ಅಜ್ಜಿಯರಲ್ಲಿ ಇಬ್ಬರಿಗೋ ಅದಕ್ಕಿಂತ ಹೆಚ್ಚು ಮಂದಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಆ ವಿದ್ಯಾರ್ಥಿನಿಗೆ ವಂಶವಾಹಿ ಸಲಹೆ ಬೇಕಾಗಬಹುದು. ಇದನ್ನು ತರಗತಿಯಲ್ಲಿ ಕೇಳದೆ, ಪ್ರತ್ಯೇಕವಾಗಿ ತಿಳಿಸಿ.

ಹಂತ 9: ಅಳೆಯುವುದು ಮತ್ತು ಒಪ್ಪಿಸಿ ಹೋಗುವುದು

ವರ್ಷದ ಕೊನೆಗೆ ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಡಿ. ಎಷ್ಟು ಉಪನ್ಯಾಸಗಳಾದವು, ಎಷ್ಟು ಫೋಟೊ ತೆಗೆದೆವು ಎಂಬುದು ವರದಿಗೆ ಸಾಕಾಗಬಹುದು. ನಿಮಗೆ ಬೇಕಾದದ್ದು ಬೇರೆ. ಎಷ್ಟು ಜನ ಲಸಿಕೆಯ ಎಲ್ಲ ಡೋಸು ಮುಗಿಸಿದರು, ನೂರು ಗಜದೊಳಗೆ ಎಷ್ಟು ಅಂಗಡಿಗಳು ಈಗಲೂ ಮಾರುತ್ತಿವೆ, ಕಳೆದ 30 ದಿನಗಳಲ್ಲಿ ತಂಬಾಕು ಬಳಸಿದವರ ಪ್ರಮಾಣ ಬದಲಾಯಿತೇ, ಮೆಸ್ಸಿನ ತಟ್ಟೆಯ ತರಕಾರಿಯ ತೂಕ ಹೆಚ್ಚಾಯಿತೇ ಎಂಬುದನ್ನು ನೋಡಿ. ಮೊದಲ ವರ್ಷ ತಂಬಾಕಿನ ಸಂಖ್ಯೆ ಏರಿದಂತೆ ಕಂಡರೆ ಗಾಬರಿಯಾಗಬೇಡಿ. ನಂಬಿಕೆ ಬೆಳೆದಾಗ ಹೆಚ್ಚು ಜನ ನಿಜ ಬರೆಯುವುದೂ ಒಂದು ಕಾರಣವಾಗಿರಬಹುದು.

ವಿದ್ಯಾರ್ಥಿ ತಂಡದ ಅರ್ಧದಷ್ಟು ಜನ ಎರಡನೇ ವರ್ಷದವರಾಗಿರಲಿ, ಆಗ ಅಂತಿಮ ವರ್ಷದವರು ಹೊರಟಾಗ ಕೆಲಸ ನಿಲ್ಲುವುದಿಲ್ಲ. ಅಂಗಡಿಗಳ ನಕ್ಷೆ, ಪ್ರಶ್ನಾವಳಿಯ ಪ್ರತಿ, ಆರೋಗ್ಯಾಧಿಕಾರಿಗಳಿಗೆ ಬರೆದ ಪತ್ರಗಳನ್ನು ಒಂದೇ ಫೈಲಿನಲ್ಲಿ ಎನ್‌ಎಸ್‌ಎಸ್ ಕೊಠಡಿಯಲ್ಲಿ ಇಡಿ. ಫೆಬ್ರವರಿಯ ಡೋಸು ತಪ್ಪಿಸಿಕೊಂಡ ಅಂತಿಮ ವರ್ಷದವರ ಪಟ್ಟಿಯನ್ನು ಮಾತ್ರ ಫೈಲಿಗೆ ಸೇರಿಸಿ ಸುಮ್ಮನಾಗಬೇಡಿ. ಮೊದಲ ಡೋಸನ್ನು ಮತ್ತೆ ಪಡೆಯಬೇಕಾಗಿಲ್ಲ, ಉಳಿದದ್ದನ್ನು ತಡವಾಗಿಯಾದರೂ ಮುಗಿಸಬಹುದು ಎಂದು ತಿಳಿಸಿ, ಅವರ ಊರಿನ ಹತ್ತಿರದ ಆಸ್ಪತ್ರೆಯ ಹೆಸರು ಬರೆದ ಚೀಟಿಯನ್ನು ವರ್ಗಾವಣೆ ಪತ್ರದ ಜೊತೆಗೇ ಅವರ ಕೈಗೆ ಕೊಡಿ.